ಸುಗಂಧ ತೈಲಕ್ಕೆ ಅಡುಗೆ ಎಣ್ಣೆ ಬೆರೆತಿದೆಯೇ ಎಂದು ತಿಳಿಯಲು ಒಂದು ಬಿಳಿ ಕಾಗದ ಸಾಕು

ನೀಲಗಿರಿ ಎಣ್ಣೆಯಂತಹ ತೆಳುವಾದ ಸುಗಂಧ ತೈಲವನ್ನು ಕೊಂಡಾಗ ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ, ಅದರ ಅಂಚನ್ನು ಪೆನ್ಸಿಲಿನಿಂದ ಗುರುತಿಸಿ, ಗಾಳಿಯಾಡುವ ಕಡೆ ಒಂದು ದಿನ ಇಡಿ. ಮರುದಿನ ಬೆಳಕಿಗೆ ಹಿಡಿದಾಗ ಜಿಡ್ಡಿನ ಕಲೆ ಉಳಿದಿದ್ದರೆ ಅದಕ್ಕೆ ಅಡುಗೆ ಎಣ್ಣೆ ಬೆರೆತಿರುವ ಸಂಭವ ಹೆಚ್ಚು. ಬಟ್ಟಿ ಇಳಿಸಿ ತೆಗೆದ ತೆಳು ತೈಲ ತಾನಾಗಿಯೇ ಆವಿಯಾಗುತ್ತದೆ, ಆದರೆ ಕೊಬ್ಬರಿ ಅಥವಾ ಎಳ್ಳಿನಿಂದ ತೆಗೆದ ಎಣ್ಣೆಯ ಕೊಬ್ಬಿನಂಶ ಆವಿಯಾಗದೆ ಕಾಗದದ ನಾರಿನಲ್ಲೇ ಉಳಿದುಬಿಡುತ್ತದೆ. ಈ ಪರೀಕ್ಷೆಯನ್ನು ಗಂಧದೆಣ್ಣೆಗೂ ಲಾವಂಚದ ಎಣ್ಣೆಗೂ ದಯವಿಟ್ಟು ಅನ್ವಯಿಸಬೇಡಿ, ಏಕೆಂದರೆ ಅವು ಅಪ್ಪಟವಾಗಿದ್ದರೂ ಬಹಳ ನಿಧಾನವಾಗಿ ಆರುತ್ತವೆ. ಮೈಸೂರು ಸಂಸ್ಥಾನವು 1916ರಲ್ಲಿ ತಯಾರಿಸಲು ಆರಂಭಿಸಿದ ಗಂಧದೆಣ್ಣೆಗೆ ಸುಗಂಧದ್ರವ್ಯ ತಯಾರಕರು ಅಷ್ಟೊಂದು ಬೆಲೆ ಕೊಟ್ಟದ್ದಕ್ಕೆ ಬೇಗನೆ ಹಾರಿಹೋಗದ ಈ ಗುಣವೂ ಒಂದು ಕಾರಣ. ಉತ್ತರ ಪ್ರದೇಶದ ಕನೌಜಿನಲ್ಲಿ ಗುಲಾಬಿ, ಮಲ್ಲಿಗೆಗಳ ಆವಿಯನ್ನು ಸಾಂಪ್ರದಾಯಿಕವಾಗಿ ಗಂಧದೆಣ್ಣೆಯಲ್ಲೇ ಹಿಡಿದಿಡುವುದರಿಂದ, ಅಂತಹ ಒಳ್ಳೆಯ ಅತ್ತರು ಕೂಡ ಕಾಗದದ ಮೇಲೆ ಗುರುತು ಬಿಡುತ್ತದೆ. ಸಿಪ್ಪೆಯನ್ನು ಹಿಂಡಿ ತೆಗೆದ ಕಿತ್ತಳೆ ಎಣ್ಣೆಯಲ್ಲಿ ಸ್ವಲ್ಪ ಮೇಣದಂಶ ಸಹಜವಾಗಿಯೇ ಇರುತ್ತದೆ, ಹಾಗಾಗಿ ತೆಳ್ಳನೆಯ ಕಲೆ ಕಂಡ ಮಾತ್ರಕ್ಕೆ ಮಾರಿದವರನ್ನು ಸಂಶಯಿಸುವುದು ನ್ಯಾಯವಲ್ಲ. ಕಲೆಯೇ ಉಳಿಯದಿದ್ದರೂ ತೈಲ ಶುದ್ಧವೆಂದು ತೀರ್ಮಾನಿಸುವಂತಿಲ್ಲ; ಆಲ್ಕೋಹಾಲ್, ಟರ್ಪೆಂಟೈನ್ ಅಥವಾ ಅಗ್ಗದ ಕೃತಕ ಸುವಾಸನೆ ಬೆರೆಸಿದ್ದರೆ ಅವೂ ಆವಿಯಾಗಿ ಹೋಗುವುದರಿಂದ ಕಾಗದ ಅವನ್ನು ತೋರಿಸುವುದಿಲ್ಲ.