ಹೊಸ ಸಿಲಿಂಡರ್ ಹಾಕಿದ ಮೇಲೆ ಕಡ್ಡಿ ಗೀರಬೇಡಿ, ಸೋಪು ಹಚ್ಚಿ

ಮೈಸೂರು ಕುವೆಂಪುನಗರದ ನಮ್ಮ ಬೀದಿಯಲ್ಲಿ ಗ್ಯಾಸ್ ಖಾಲಿಯಾದರೆ ನಾಲ್ಕೈದು ಮನೆಯವರು ನನ್ನನ್ನೇ ಕರೆಯುತ್ತಾರೆ. ಸಿಲಿಂಡರ್ ಬದಲಿಸುವುದು ಅವರಿಗೂ ಗೊತ್ತು. ಸೋರುತ್ತಿದೆಯಾ ಎಂದು ನೋಡುವುದರಲ್ಲೇ ತಪ್ಪುತ್ತಾರೆ. ಒಂದು ಮನೆಯಲ್ಲಿ ಯಜಮಾನರು ಕಡ್ಡಿ ಗೀರಿ ರೆಗ್ಯುಲೇಟರ್ ಸುತ್ತ ಹಿಡಿಯಲು ಹೊರಟಿದ್ದರು. ನಾನು ಅವರ ಕೈಯನ್ನೇ ಹಿಡಿದುಕೊಂಡೆ.

ಸಿಲಿಂಡರ್ ಬಂದಾಗ ಬಾಗಿಲಲ್ಲೇ ತೂಕ ಮಾಡಿಸಿ. ಖಾಲಿ ತೂಕ ಅದರ ಮೇಲೇ ಬರೆದಿರುತ್ತದೆ. 15.3 ಕೆ.ಜಿ. ಎಂದಿದ್ದರೆ ಅದಕ್ಕೆ ಒಳಗಿನ ಗ್ಯಾಸಿನ 14.2 ಸೇರಿಸಿ, ಒಟ್ಟು 29.5 ಇರಬೇಕು. ಹಿಡಿಯ ಪಟ್ಟಿಯ ಒಳಗೆ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು ಮತ್ತು ಇಸವಿ ಇರುತ್ತದೆ. ಎ ಎಂದರೆ ಮಾರ್ಚ್‌ವರೆಗೆ, ಡಿ ಎಂದರೆ ಡಿಸೆಂಬರ್‌ವರೆಗೆ. ಅದು ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಿಸಬೇಕಾದ ಗಡುವು. ಅದು ದಾಟಿದ್ದರೆ ವಾಪಸ್ ಕಳಿಸಿ.

ಇನ್ನು ಒಳಗೆ. ದೇವರ ಮನೆಯ ದೀಪ, ಊದುಬತ್ತಿ ಆರಿಸಿ. ಹಳೇ ಮನೆಗಳಲ್ಲಿ ದೇವರ ಮನೆ ಅಡುಗೆಮನೆಗೆ ಅಂಟಿಕೊಂಡೇ ಇರುತ್ತದೆ, ಅಲ್ವಾ? ಈ ಗ್ಯಾಸ್ ಗಾಳಿಗಿಂತ ಭಾರ. ಮೇಲಿನ ಕಿಟಕಿಯಿಂದ ತಾನಾಗಿ ಹೋಗುವುದಿಲ್ಲ. ನೆಲಕ್ಕೆ ಇಳಿದು ನೀರಿನ ಹಾಗೆ ಹರಡುತ್ತದೆ. ಹಾಗಾಗಿ ಹಿತ್ತಲ ಬಾಗಿಲನ್ನೇ ತೆರೆಯಿರಿ. ಒಲೆಯ ನಾಬ್, ರೆಗ್ಯುಲೇಟರ್ ಎರಡೂ ಆಫ್ ಮಾಡಿ, ಹಳೇ ಸಿಲಿಂಡರ್ ಬಿಚ್ಚಿ ಪಕ್ಕಕ್ಕಿಡಿ.

ಹೊಸದರ ಸೀಲ್ ಕಿತ್ತು, ದಾರ ಎಳೆದು ಬಿಳಿ ಕ್ಯಾಪ್ ತೆಗೆಯಿರಿ. ಕ್ಯಾಪ್ ಬಿಸಾಡಬೇಡಿ. ಸೋರಿದರೆ ಮೊದಲು ಬೇಕಾಗುವುದು ಅದೇ. ಈಗ ವಾಲ್ವ್ ಒಳಗೆ ಕಪ್ಪು ರಬ್ಬರ್ ವಾಷರ್ ಇದೆಯಾ ನೋಡಿ. ಕಾಣದಿದ್ದರೆ ಕಿರುಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ನಡುವಿನ ಪಿನ್ ಮಾತ್ರ ಒತ್ತಬೇಡಿ. ವಾಷರ್ ಇಲ್ಲದಿದ್ದರೆ ಆ ಸಿಲಿಂಡರ್ ಬೇಡವೇ ಬೇಡ. ಮಂಡ್ಯದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಯಾರೋ ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಮಾಡಿ ಕೊಟ್ಟಿದ್ದರು. ಟ್ಯೂಬಿನ ರಬ್ಬರ್ ಗ್ಯಾಸ್ ತಾಗಿ ಉಬ್ಬುತ್ತದೆ, ಆಕಾರ ಕೆಡುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ರೆಗ್ಯುಲೇಟರಿನ ಕಪ್ಪು ಬಳೆ ಮೇಲೆತ್ತಿ, ನೇರವಾಗಿ ಕೂರಿಸಿ, ಬಳೆ ಬಿಡಿ. ಟಕ್ ಅನ್ನಬೇಕು.

ಮುಖ್ಯ ಕೆಲಸ ಈಗ. ಒಂದು ಬಟ್ಟಲು ನೀರಿಗೆ ಸೋಪಿನ ಚೂರು ಕದಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಇದ್ದರೆ ಇನ್ನೂ ಒಳ್ಳೆಯದು, ನಾನು ಅದನ್ನೇ ಬಳಸುತ್ತೇನೆ. ನೊರೆ ಬರುವ ಹಾಗೆ ಕಲಕಬೇಡಿ. ನೊರೆ ಇದ್ದರೆ ಸೋರಿಕೆಯ ಗುಳ್ಳೆ ಯಾವುದು, ನಿಮ್ಮ ಗುಳ್ಳೆ ಯಾವುದು ಗೊತ್ತಾಗುವುದಿಲ್ಲ. ಒಲೆಯ ನಾಬ್ ಆಫ್ ಇರಲಿ, ರೆಗ್ಯುಲೇಟರ್ ಮಾತ್ರ ಆನ್ ಮಾಡಿ. ಹಳೇ ಬ್ರಷ್‌ನಿಂದ ರೆಗ್ಯುಲೇಟರ್ ಕೂತ ಜಾಗದ ಸುತ್ತ, ಪೈಪಿನ ಎರಡೂ ತುದಿಗೆ, ಆಮೇಲೆ ಪೈಪಿನ ಉದ್ದಕ್ಕೂ, ಬಾಗಿದ ಕಡೆ ಜಾಸ್ತಿ ಹಚ್ಚಿ. ಹಚ್ಚಿದ ತಕ್ಷಣ ಎದ್ದು ಹೋಗಬೇಡಿ. ಒಂದೊಂದು ಜಾಗದಲ್ಲೂ ಅರ್ಧ ನಿಮಿಷ ಕಣ್ಣಿಟ್ಟು ಕೂರಿ. ಬ್ರಷ್‌ನಿಂದ ಎದ್ದ ಗುಳ್ಳೆ ಒಡೆದು ಹೋಗುತ್ತದೆ. ಸೋರಿಕೆಯ ಗುಳ್ಳೆ ಬೆಳೆಯುತ್ತದೆ, ಒಡೆದರೆ ಅಲ್ಲೇ ಇನ್ನೊಂದು ಏಳುತ್ತದೆ. ಸಣ್ಣ ಸೋರಿಕೆಯಲ್ಲಿ ಸಾಸಿವೆಯಷ್ಟು ಗುಳ್ಳೆ ನಿಧಾನವಾಗಿ ಊದಿಕೊಳ್ಳುವುದನ್ನು ನಾನು ನೋಡಿದ್ದೇನೆ.

ಮೂಗನ್ನೇ ನಂಬಬೇಡಿ. ಗ್ಯಾಸಿಗೆ ಸ್ವಂತ ವಾಸನೆ ಇಲ್ಲವೆಂದೇ ಹೇಳಬೇಕು. ಗೊತ್ತಾಗಲಿ ಎಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ಗಬ್ಬು ವಾಸನೆಯ ರಾಸಾಯನಿಕ ಬೆರೆಸುತ್ತಾರೆ. 1937ರಲ್ಲಿ ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಡಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ತುಂಬಿಕೊಂಡು, ಒಂದು ಕಿಡಿಗೆ ಕಟ್ಟಡವೇ ಸಿಡಿಯಿತು. ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ವಾಸನೆ ಬೆರೆಸುವ ಕಾನೂನು ಬಂದದ್ದು ಅದಾದ ಮೇಲೆ. ಆದರೆ ಒಂದೇ ವಾಸನೆಯಲ್ಲಿ ಕೂತಿದ್ದರೆ ಮೂಗು ಒಗ್ಗಿಕೊಳ್ಳುತ್ತದೆ. ಪಕ್ಕದಲ್ಲಿ ಒಗ್ಗರಣೆ ಘಮ ಇದ್ದರೆ ಮುಗಿಯಿತು.

ಸಿಲಿಂಡರ್ ಸಿಡಿಯುತ್ತದೆ ಎಂದೇ ಎಲ್ಲರ ಭಯ. ಸಾಮಾನ್ಯವಾಗಿ ಸಿಡಿಯುವುದು ಕೋಣೆಯಲ್ಲಿ ತುಂಬಿದ ಗ್ಯಾಸು. ಒಳಗಿರುವುದು ಒತ್ತಡದಲ್ಲಿ ದ್ರವವಾದ ಪ್ರೋಪೇನ್, ಬ್ಯುಟೇನ್. ಹೊರಗೆ ಬಂದರೆ ಸುಮಾರು 250 ಪಟ್ಟು ಹಿಗ್ಗುತ್ತದೆ. ಗಾಳಿಯಲ್ಲಿ ನೂರಕ್ಕೆ 2ರಿಂದ 9 ಪಾಲು ಬೆರೆತರೆ ಕಿಡಿ ಸಾಕು.

ಗುಳ್ಳೆ ಕಂಡರೆ ರೆಗ್ಯುಲೇಟರ್ ಆಫ್ ಮಾಡಿ ಬಿಚ್ಚಿ, ಕ್ಯಾಪ್ ಒತ್ತಿ ಹಾಕಿ, ಸಿಲಿಂಡರನ್ನು ಹೊರಗೆ ಬಯಲಿಗೆ ಸಾಗಿಸಿ. ಲೈಟ್, ಫ್ಯಾನ್ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಮನೆಯಿಂದ ದೂರ ಹೋಗಿ ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಫೋನ್ ಮಾಡಿ.

ಚಳಿಗಾಲದ ಬೆಳಿಗ್ಗೆ ಉರಿ ಕಮ್ಮಿಯಾಯಿತು ಅಂತ ಸಿಲಿಂಡರ್ ಮಲಗಿಸುವುದು, ಬಿಸಿನೀರಲ್ಲಿ ನಿಲ್ಲಿಸುವುದು ಬೇಡ. ಮಲಗಿಸಿದರೆ ದ್ರವವೇ ಪೈಪಿಗೆ ನುಗ್ಗಬಹುದು. ರಸ್ತೆ ಬದಿಯ ಅಗ್ಗದ ಪೈಪನ್ನೂ ತರಬೇಡಿ. ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ ಸುರಕ್ಷಾ ಪೈಪೇ ಇರಲಿ. ಅದನ್ನೂ 5 ವರ್ಷಕ್ಕೆ ಬದಲಿಸಿ. ಇಸವಿ ಪೈಪಿನ ಮೇಲೇ ಅಚ್ಚಾಗಿರುತ್ತದೆ, ಸೋಪು ಹಚ್ಚುವಾಗ ಓದಿಕೊಳ್ಳಿ.