ಮನಸ್ಸಿನ ಏರಿಳಿತ ಅಳೆಯುವುದು ಹೇಗೆ?

‘ಹೋದ ವಾರ ಹೆಂಗಿದ್ರಿ ಅಮ್ಮ?’ ಎಂದು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರನ್ನು ಕೇಳಿ ನೋಡಿ. ‘ಆರಾಮ್ ಇದ್ವಿ ಬಿಡ್ರಿ’ ಎನ್ನುತ್ತಾರೆ. ಏಳು ದಿನದ ಸಿಟ್ಟು, ಸಂಕಟ, ನಗು ಎಲ್ಲ ಆ ಒಂದು ಮಾತಿನಲ್ಲಿ ಕರಗಿಹೋಗಿರುತ್ತದೆ. ಭಟ್ಟಿಯ ಹೊಗೆ ಹೊರಹೋಗಲು ದಾರಿ ಮಾಡಿದರೆ ದುಡಿಯುವವರ ಮನಸ್ಸು ಹಗುರಾಗುತ್ತದೆಯೇ ಎಂದು ಮನಃಶಾಸ್ತ್ರದ ವಿದ್ಯಾರ್ಥಿಯೊಬ್ಬಳು ಪ್ರಾಜೆಕ್ಟ್ ಮಾಡಲು ಹೊರಟಳು ಎಂದುಕೊಳ್ಳೋಣ. ಅವಳು ಎಲ್ಲಿಂದ ಶುರು ಮಾಡಬೇಕು?

ಪದಗಳಿಂದ. 1988ರಲ್ಲಿ ವಾಟ್ಸನ್, ಕ್ಲಾರ್ಕ್, ಟೆಲೆಗನ್ ಎಂಬ ಮೂವರು ಸಂಶೋಧಕರು ರೂಪಿಸಿದ ‘ಪನಾಸ್’ ಪಟ್ಟಿಯಲ್ಲಿ 20 ಪದಗಳಿವೆ. ಹತ್ತು ಹಿತವಾದ ಭಾವಕ್ಕೆ, ಹತ್ತು ಅಹಿತವಾದದ್ದಕ್ಕೆ. ಆ ಭಾವ ತಮ್ಮಲ್ಲಿ ಎಷ್ಟಿದೆ ಎಂದು ಉತ್ತರಿಸುವವರೇ ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಎರಡರ ಮೊತ್ತವನ್ನೂ ಬೇರೆಬೇರೆಯಾಗಿ ಇಡುತ್ತಾರೆ, ಏಕೆಂದರೆ ದುಃಖ ಇಳಿದ ಮಾತ್ರಕ್ಕೆ ಉತ್ಸಾಹ ಏರಬೇಕೆಂದಿಲ್ಲ. ಈ ಪಟ್ಟಿಯನ್ನು ನಿಘಂಟು ಹಿಡಿದು ಕನ್ನಡಕ್ಕೆ ತಂದರೆ ಕೆಲಸ ಕೆಟ್ಟಿತು. ನಮ್ಮ ‘ಬೇಜಾರು’ ಒಂದನ್ನೇ ನೋಡಿ. ಬಸ್ಸು ಕಾದು ಬೇಜಾರು, ಮಗಳು ಗಂಡನ ಮನೆಗೆ ಹೋದಳೆಂದು ಬೇಜಾರು, ‘ನನ್ನ ಮೇಲೆ ಬೇಜಾರು ಮಾಡ್ಕೋಬ್ಯಾಡ್ರಿ’ ಎಂದರೆ ಮುನಿಸು. ಮೂರು ಭಾವಕ್ಕೆ ಒಂದೇ ಅಂಕ ಬಿದ್ದರೆ ಏನು ಅಳೆದಂತಾಯಿತು? ಒಬ್ಬರು ಕನ್ನಡಕ್ಕೆ ತರಲಿ, ಮೂಲ ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ತಿರುಗಿಸಲಿ, ಎರಡನ್ನೂ ಹೋಲಿಸಿ. ಆಮೇಲೆ ಭಟ್ಟಿಯವರ ಜೊತೆಗೇ ಕೂತು ‘ಈ ಮಾತು ಕೇಳಿದ್ರೆ ನಿಮಗೆ ಏನನ್ನಿಸುತ್ತೆ?’ ಎಂದು ವಿಚಾರಿಸಿ. ಈ ಹೆಜ್ಜೆಗೆ ಎಷ್ಟು ದಿನ ಹಿಡಿದರೂ ಹಿಡಿಯಲಿ.

ಇನ್ನು ಕೇಳುವ ಹೊತ್ತು. ಕಳೆದ ವಾರದ್ದನ್ನು ಕೇಳಬೇಡಿ, ಈ ಗಳಿಗೆಯದನ್ನು ಕೇಳಿ. ನೆನಪು ತೀರಾ ಜೋರಾಗಿ ತಟ್ಟಿದ್ದನ್ನೂ ಕೊನೆಗೆ ಆದದ್ದನ್ನೂ ಹಿಡಿದಿಟ್ಟುಕೊಂಡು ನಡುವಿನದನ್ನು ಬಿಟ್ಟುಬಿಡುತ್ತದೆ. ಮನಃಶಾಸ್ತ್ರಜ್ಞ ಚಿಕ್‌ಸೆಂಟ್‌ಮಿಹಾಯಿ ಮತ್ತು ಸಂಗಡಿಗರು 1970ರ ದಶಕದಲ್ಲೇ ಜನರ ಕೈಗೆ ಪೇಜರ್ ಕೊಟ್ಟು, ಅದು ಸದ್ದು ಮಾಡಿದಾಗಲೆಲ್ಲ ಆ ಗಳಿಗೆಯ ಮನಸ್ಥಿತಿಯನ್ನು ಬರೆಸುತ್ತಿದ್ದರು. ಈಗ ಮೊಬೈಲ್ ಸಾಕು. ದಿನಕ್ಕೆ ನಾಲ್ಕೈದು ಬಾರಿ, ಮೊದಲೇ ಊಹಿಸಲಾಗದ ಹೊತ್ತಿನಲ್ಲಿ, ಒಂದು ನಿಮಿಷದಲ್ಲಿ ಮುಗಿಯುವಷ್ಟೇ ಪ್ರಶ್ನೆ. ಕಾದ ಮರಳಿನ ಬಾಣಲೆ ಮುಂದೆ ನಿಂತವರು ಕೈಬಿಡುವಾದ ಮೇಲೆ ಉತ್ತರಿಸಲಿ. ತುಂಬಾ ತಡವಾದರೆ ಆ ಸರದಿ ಖಾಲಿ ಇರಲಿ. ರಾತ್ರಿ ಕೂತು ಎಲ್ಲ ತುಂಬಿಸಲು ಬಿಡಬೇಡಿ. 2002ರಲ್ಲಿ ಆರ್ಥರ್ ಸ್ಟೋನ್ ತಂಡ ನೋವಿನ ರೋಗಿಗಳಿಗೆ ಕೊಟ್ಟ ಡೈರಿಯಲ್ಲಿ, ಅದನ್ನು ತೆರೆದದ್ದು ಯಾವಾಗ ಎಂದು ತಿಳಿಸುವ ಬೆಳಕಿನ ಸೆನ್ಸರ್ ಅಡಗಿಸಿತ್ತು. ರೋಗಿಗಳು ಕಾಗದದಲ್ಲಿ ಬರೆದ ಲೆಕ್ಕದಂತೆ ಶೇ 90ರಷ್ಟು ಸರದಿಗಳನ್ನು ಸರಿಯಾದ ಹೊತ್ತಿಗೇ ತುಂಬಿದ್ದರು. ನಿಜವಾಗಿ ಶೇ 11 ಮಾತ್ರ. ಈ ಅಂಕಿಯನ್ನು ಪ್ರತಿ ವಿದ್ಯಾರ್ಥಿಗೂ ಮೊದಲ ದಿನವೇ ಹೇಳಬೇಕು ಅನ್ನಿಸುತ್ತದೆ ನನಗೆ.

ಮಾಲೀಕರು ಪಕ್ಕದಲ್ಲಿ ನಿಂತಿರುವಾಗ ಕೇಳಲೇಬೇಡಿ. ಓದು ಬಾರದವರಿಗೆ ಪ್ರಶ್ನೆಯನ್ನು ಧ್ವನಿಯಲ್ಲಿ ಕೇಳಿಸಿ.

ಹೋಲಿಕೆ ಅವರವರ ಜೊತೆಗೇ ಆಗಬೇಕು. ಒಬ್ಬಾಕೆ ಎಂಥ ದಿನದಲ್ಲೂ 4 ಕೊಡುತ್ತಾಳೆ, ಇನ್ನೊಬ್ಬಾಕೆ 3 ದಾಟುವುದಿಲ್ಲ. ಹಾಗಾಗಿ ಬದಲಾವಣೆಗೆ ಮುಂಚೆ ಒಂದೆರಡು ವಾರ ಅಳೆದು ಒಬ್ಬೊಬ್ಬರ ಸರಾಸರಿ ತಿಳಿದುಕೊಳ್ಳಿ, ಏರಿಳಿತವನ್ನು ಅಲ್ಲಿಂದ ಎಣಿಸಿ. ತೀರಾ ಕುಗ್ಗಿದ್ದವರನ್ನೇ ಆರಿಸಿಕೊಂಡರೆ, ಏನೂ ಮಾಡದಿದ್ದರೂ ಮುಂದಿನ ಅಳತೆ ಮೇಲೇರುವ ಸಂಭವವೇ ಹೆಚ್ಚು. ಏಪ್ರಿಲ್‌ನ ಉರಿಬಿಸಿಲಲ್ಲಿ ಶುರು ಮಾಡಿ ಜೂನ್ ಮಳೆಯಲ್ಲಿ ಮುಗಿಸಿದರೆ ಹಗುರಾದದ್ದು ಹೊಗೆ ಹೋದದ್ದಕ್ಕೋ ತಂಪಿಗೋ? ಬಟವಾಡೆಯ ದಿನದ ಖುಷಿಯೂ ಇದರಲ್ಲಿ ಸೇರಿಕೊಳ್ಳಬಹುದು. ಇದಕ್ಕಾಗಿ ಏನೂ ಬದಲಾಗದ ಇನ್ನೊಂದು ಭಟ್ಟಿಯಲ್ಲೂ ಅದೇ ದಿನಗಳಲ್ಲಿ ಅಳೆಯಬೇಕು.

ಬಂದ ಉತ್ತರಗಳನ್ನು ಅಂದಂದೇ ನೋಡಿ. ಯಾರದ್ದಾದರೂ ಅಂಕ ದಿನಗಟ್ಟಲೆ ಕುಸಿದೇ ಇದ್ದರೆ ಪ್ರಾಜೆಕ್ಟ್ ಮುಗಿಯಲಿ ಎಂದು ಕಾಯಬೇಡಿ. ಮಾರ್ಗದರ್ಶಕರಿಗೆ ತಿಳಿಸಿ, ಕುಗ್ಗಿದವರ ಹತ್ತಿರ ಹೋಗಿ ಮಾತಾಡಿಸಿ, ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವರ ಫೋನಿನಲ್ಲೇ ಉಳಿಸಿಕೊಡಿ.