ನನ್ನ ಎರಡನೇ ಹೆರಿಗೆಗೆ ನಾನು ಹುಡುಕಿಕೊಂಡ ಮೂವರು ಹೆಂಗಸರು

ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆಯವಳು ನಾನು. ಎರಡನೇ ಸಲ ಬಸುರಿಯಾದಾಗ ಲೆಕ್ಕ ಹಾಕಿದರೆ ದಿನ ತುಂಬುವುದು ಜುಲೈ ಮಧ್ಯಕ್ಕೆ. ನಮ್ಮ ಕಡೆಯ ಜುಲೈ ಗೊತ್ತಿದ್ದವರಿಗೆ ಇಷ್ಟು ಹೇಳಿದರೆ ಸಾಕು. ಮರ ಬಿದ್ದು ರಸ್ತೆ ಕಟ್ಟಿರುತ್ತದೆ, ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ, ನೆಟ್‌ವರ್ಕ್ ಇಲ್ಲದೆ 108ಕ್ಕೆ ಫೋನೂ ಹೋಗುವುದಿಲ್ಲ. ರಾತ್ರಿಯಾದರೆ ತೋಟದ ದಾರಿಯಲ್ಲಿ ಆನೆ.

ಮೊದಲ ಹೆರಿಗೆ ಬೇರೆ ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಗಿತ್ತು. ನೋವು ಶುರುವಾದ ಮೇಲೆ ಅವ್ವನನ್ನು ಹೊರಗೆ ಕೂರಿಸಿದರು, ಮಂಚದಿಂದ ಏಳಬಾರದು ಅಂದರು, ಕೊನೆಗೆ ಒಬ್ಬಾಕೆ ಹೊಟ್ಟೆಯ ಮೇಲೆ ಮೊಣಕೈ ಊರಿ ಒತ್ತಿದಳು. ಹಾಗೆ ಒತ್ತುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸಿನಲ್ಲೇ ಇದೆ ಎಂದು ಆಮೇಲೆ ತಿಳಿಯಿತು. ಅಷ್ಟು ಹೊತ್ತಿನಲ್ಲಿ ಒಬ್ಬರೂ ನನ್ನ ಹೆಸರು ಹಿಡಿದು ಮಾತಾಡಿಸಿರಲಿಲ್ಲ. ಈ ಸಲ ಮೊದಲು ಜನರನ್ನು ನೋಡೋಣ, ಆಸ್ಪತ್ರೆ ಆಮೇಲೆ ಎಂದುಕೊಂಡೆ.

ಮೊದಲು ಹೋದದ್ದು ನಮ್ಮೂರಿನ ಸೂಲಗಿತ್ತಿ ಅಜ್ಜಿಯ ಹತ್ತಿರ. ನನ್ನ ಗಂಡ ಹುಟ್ಟಿದಾಗ ಹಿಡಿದ ಕೈ ಅದು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಮನೆಯ ಟಿವಿ ಮುಂದೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದರು. ಮಳೆ ಹಿಡಿದು ದಾರಿ ಕಟ್ಟಿದರೆ ನೀವೇ ಹೆರಿಗೆ ಮಾಡಿಸ್ತೀರಾ ಅಜ್ಜಿ ಅಂತ ಕೇಳಿದೆ. ಖುಷಿಪಡುತ್ತಾರೆ ಎಂದು ನನ್ನ ಎಣಿಕೆ. ಅವರು ಎರಡೂ ಕೈ ಮುಂದೆ ಚಾಚಿ ತೋರಿಸಿದರು. ‘ಈ ಕೈ ಮಗು ಹಿಡೀತದೆ, ರಕ್ತ ನಿಲ್ಸಾಕಾಗಲ್ಲ ಕಣವ್ವ. ಮಳೆಗೆ ಮುಂಚೆ ಪ್ಯಾಟೆ ಸೇರ್ಕೊ. ಬಾಣಂತನ ನಾನು ಮಾಡ್ತೀನಿ.’

ಆ ಮಾತಿನಿಂದ ನನಗೆ ಒಂದು ಅಳತೆಗೋಲು ಸಿಕ್ಕಿತು. ಅಲ್ಲಿಯವರೆಗೆ ‘ಎಷ್ಟು ಹೆರಿಗೆ ಮಾಡಿಸಿದ್ದೀರಿ’ ಎಂದು ಕೇಳಬೇಕು ಎಂದುಕೊಂಡಿದ್ದೆ. ಅಜ್ಜಿಯ ಮಾತು ಕೇಳಿದ ಮೇಲೆ ‘ಯಾವಾಗ ನನ್ನನ್ನು ಮುಂದಕ್ಕೆ ಕಳಿಸ್ತೀರಿ’ ಎಂದು ಕೇಳತೊಡಗಿದೆ.

ಉಪಕೇಂದ್ರದ ಸಿಸ್ಟರಿಗೂ ಅದನ್ನೇ ಕೇಳಿದೆ. ಊರಲ್ಲಿ ಅವರನ್ನು ಚುಚ್ಚುಮದ್ದಿನ ಸಿಸ್ಟರ್ ಎಂದೇ ಕರೆಯುವುದು, ಆದರೆ ಅವರ ಹುದ್ದೆ ಎಎನ್‌ಎಂ, ಅದರ ಕೊನೆಯ ಎಂ ಅಂದರೆ ಮಿಡ್‌ವೈಫ್, ಹೆರಿಗೆ ಮಾಡಿಸುವವಳು. ಅವರು ತಡವರಿಸಲಿಲ್ಲ. ಬಿಪಿ 140/90 ಮುಟ್ಟಿದರೆ, ಸ್ವಲ್ಪ ರಕ್ತ ಕಂಡರೂ, ನೀರೊಡೆದು ಹಸಿರಾಗಿದ್ದರೆ, ಮಗು ಆಡುವುದು ಕಮ್ಮಿಯಾದರೆ, 36 ವಾರವಾದರೂ ತಲೆ ಕೆಳಗೆ ಬರದಿದ್ದರೆ ‘ನಾನು ನೋಡ್ತಾ ಕೂರಲ್ಲ’ ಅಂದರು. ಇದನ್ನೆಲ್ಲ ಗೋಡೆಯ ಚಾರ್ಟ್ ನೋಡದೆ ಹೇಳಿದರು.

ಅವರ ಕೆಲಸದ ರೀತಿಯನ್ನೂ ಗಮನಿಸಿದೆ. ಏರು ಹತ್ತಿ ಏದುಸಿರು ಬಿಡುತ್ತ ಬಂದವಳಿಗೆ ತಕ್ಷಣ ಬಿಪಿ ಪಟ್ಟಿ ಸುತ್ತದೆ, ಸ್ವಲ್ಪ ಹೊತ್ತು ಸುಮ್ಮನೆ ಕೂರಿಸುತ್ತಿದ್ದರು. ಹೊಟ್ಟೆ ಮುಟ್ಟುವ ಮುಂಚೆ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಎಂಟನೇ ತಿಂಗಳಲ್ಲಿ ನನ್ನ ಕೈಯನ್ನೇ ಹಿಡಿದು ಕಿಬ್ಬೊಟ್ಟೆಯ ಮೇಲಿಟ್ಟು, ‘ಗಟ್ಟಿ ಗುಂಡಗೆ ಸಿಗ್ತಲ್ಲ, ಅದೇ ತಲೆ’ ಅಂದರು. ಮೊದಲ ಬಸಿರಿನಲ್ಲಿ ಅಷ್ಟು ಸ್ಕ್ಯಾನ್ ಮಾಡಿಸಿದ್ದರೂ ಇಂಥದ್ದೊಂದನ್ನು ಯಾರೂ ತೋರಿಸಿರಲಿಲ್ಲ.

ನನ್ನ ಹಿಮೋಗ್ಲೋಬಿನ್ 9.2 ಇತ್ತು. ಬಸುರಿಗೆ 11 ಇರಬೇಕು. ಕಬ್ಬಿಣದ ಮಾತ್ರೆ ದಿನಾ ನುಂಗುತ್ತಿದ್ದೇನೆ ಅಂದೆ. ‘ನುಂಗಿದ ಮೇಲೆ ಏನು ಕುಡೀತೀರಿ?’ ಅಂದರು. ಕಾಫಿ ಸೀಮೆಯವರಿಗೆ ಬೇರೇನಿದೆ? ಕಾಫಿ, ಟೀ ಎರಡೂ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತವಂತೆ. ಮಾತ್ರೆಯನ್ನು ನಿಂಬೆರಸದ ಜೊತೆ ತೆಗೆದುಕೊಂಡು, ಕಾಫಿಯನ್ನು ಎರಡು ಗಂಟೆ ದೂರ ಇಟ್ಟೆ. ಕ್ಯಾಲ್ಸಿಯಂ ಮಾತ್ರೆಗೆ ಬೇರೆ ಹೊತ್ತು. ಒಂಬತ್ತು ತುಂಬುವಾಗ 10.8ಕ್ಕೆ ಬಂದಿತ್ತು. ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಗರ್ಭಿಣಿಯರನ್ನು ನೋಡುವ ದಿನ. ಅದನ್ನು ತಪ್ಪಿಸಲು ಸಿಸ್ಟರ್ ಬಿಡಲಿಲ್ಲ.

ಹೆರಿಗೆಗೆ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ ಎಂದಾಯಿತು. ಏನಾದರೂ ಹೆಚ್ಚುಕಮ್ಮಿಯಾದರೆ ಮುಂದೆ ಹಾಸನ, ಸುಮಾರು 40 ಕಿಲೋಮೀಟರ್. ಜೂನ್‌ನಲ್ಲೇ ಒಮ್ಮೆ ಹೋಗಿ ಹೆರಿಗೆ ವಾರ್ಡಿನ ನರ್ಸನ್ನು ಮಾತಾಡಿಸಿದೆ. ಓಡಾಡಬಹುದಾ, ಜೊತೆಗೆ ಒಬ್ಬರು ಇರಬಹುದಾ, ಕೊಯ್ಯುವುದಿದ್ದರೆ ಮೊದಲೇ ಹೇಳ್ತೀರಾ ಅಂತ ಮೂರೇ ಪ್ರಶ್ನೆ. ಹೆತ್ತು ಅನುಭವವಿರುವ ಹೆಂಗಸೊಬ್ಬರು ಒಳಗಿರಬಹುದು ಅಂದರು. ಸರ್ಕಾರಿ ಆಸ್ಪತ್ರೆಗಳಲ್ಲಿ 2016ರಿಂದಲೇ ಅದಕ್ಕೆ ಅವಕಾಶವಿದೆ. ಕೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಜುಲೈ ಮೊದಲ ವಾರ ಪೇಟೆಯ ಚಿಕ್ಕಮ್ಮನ ಮನೆ ಸೇರಿದೆ. ಹಠ ಮಾಡಿ ಅಜ್ಜಿಯನ್ನೂ ಕರೆದುಕೊಂಡು ಹೋದೆ. ನೋವು ಬಂದ ರಾತ್ರಿ ಅವರೇ ಒಳಗೆ ಬಂದರು. ಕಿಟಕಿ ಸರಳು ಹಿಡಿದು ನಾನು ಬಾಗಿ ನಿಂತಾಗಲೆಲ್ಲ ಸೊಂಟದ ಕೆಳಗೆ ಅಂಗೈಯ ಬುಡದಿಂದ ಒತ್ತುತ್ತಿದ್ದರು. ನರ್ಸ್ ಅದನ್ನು ನೋಡಿ, ‘ಹಾಗೇ ಮಾಡ್ತಿರಿ ಅಜ್ಜಿ’ ಅಂದರು. ಬೆಳಗಿನ ಜಾವ ಮಗು ಬಂತು. ಎದೆಯ ಮೇಲೆ ಹಾಕಿದರು, ಹೊಕ್ಕುಳ ಬಳ್ಳಿಯ ಮಿಡಿತ ನಿಲ್ಲುವವರೆಗೆ ಕಾದು ಕತ್ತರಿಸಿದರು. ಅಷ್ಟರಲ್ಲೇ ನನ್ನ ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟಾಗಿತ್ತು. ಯಾಕೆ ಅಂತ ಅಜ್ಜಿ ಕೇಳಿದರು. ‘ಗರ್ಭಕೋಶ ಬಿಗಿಯಾಗಿ ರಕ್ತ ನಿಲ್ಲೋಕೆ.’ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ಹೆಸರು ಹೇಳಿದರು. ನಾನು ಹುಟ್ಟುವ ಮುಂಚೆ ಅವರ ಕೈಯಲ್ಲೇ ಹೋದ ಬಾಣಂತಿ.

ಬಾಣಂತನದಲ್ಲಿ ಅಜ್ಜಿ ಮತ್ತು ಸಿಸ್ಟರ್ ನಡುವೆ ಜಗ್ಗಾಟವಾಗುತ್ತದೆಂದು ಹೆದರಿದ್ದೆ. ಆಯಿತು ಕೂಡ. ಬಾಣಂತಿಗೆ ನೀರು ಕೊಡಬಾರದು ಎಂದು ಅಜ್ಜಿ, ಕುಡಿಯದಿದ್ದರೆ ಹಾಲೂಡುವವಳ ಮೈ ಒಣಗುತ್ತದೆ ಎಂದು ಸಿಸ್ಟರ್. ಜೀರಿಗೆ ಹಾಕಿ ಕುದಿಸಿದ ನೀರು ಎಂದಾಗ ಅಜ್ಜಿ ಒಪ್ಪಿದರು. ಚೊಂಬುಗಟ್ಟಲೆ ಕುಡಿದೆ. ಹೊಕ್ಕುಳಿಗೆ ಬೂದಿ ಬೇಡ, ಏನೂ ಹಚ್ಚದೆ ಒಣಗಿಸಿ ಎಂಬುದನ್ನು ಅಜ್ಜಿ ಮೊದಲ ಮಾತಿಗೇ ಒಪ್ಪಿದರು. ಕೋಣೆಗೆ ಕೆಂಡದ ಹೊಗೆ ಹಾಕುವುದನ್ನು ಬಿಡಿಸಲು ಮಾತ್ರ ಎರಡು ದಿನ ಬೇಕಾಯಿತು. ಎಣ್ಣೆನೀರು, ಬೆಳ್ಳುಳ್ಳಿ ಸಾರು, ಹೊಟ್ಟೆಗೆ ಸಡಿಲವಾಗಿ ಹಳೇ ಸೀರೆಯ ಪಟ್ಟಿ ಹಾಗೇ ನಡೆದವು. ಅವುಗಳಿಂದ ನನಗೆ ಸಿಕ್ಕ ನೆಮ್ಮದಿ ಸಣ್ಣದಲ್ಲ.

ಆಶಾ ಕಾರ್ಯಕರ್ತೆ ಅಕ್ಕ 3, 7, 14, 21, 28, 42ನೇ ದಿನ ಬಂದು ಮಗುವನ್ನು ತೂಗಿದರು. ಇಲ್ಲಿ ನಾನೊಂದು ತಪ್ಪು ಮಾಡಿದೆ. ಎಲ್ಲರೂ ಮಗುವನ್ನು ನೋಡುತ್ತಿದ್ದರು, ನಾನೂ. ಎಂಟನೇ ದಿನ ತಲೆ ಸಿಡಿಯುತ್ತಿದ್ದರೂ ನಿದ್ದೆಗೆಟ್ಟು ಎಂದುಕೊಂಡೆ. ಅಜ್ಜಿ ನನ್ನ ಪಾದ ಒತ್ತಿ ನೋಡಿ, ಗುಳಿ ಬಿದ್ದದ್ದು ಕಂಡು, ನನ್ನನ್ನು ಕೇಳದೆ ಸಿಸ್ಟರಿಗೆ ಫೋನ್ ಮಾಡಿಸಿದರು. ಬಿಪಿ 150/100. ಹೆತ್ತ ಮೇಲೂ ಏರಬಹುದೆಂದು ನನಗೆ ಗೊತ್ತಿರಲಿಲ್ಲ. ಅವತ್ತೇ ಆಸ್ಪತ್ರೆಗೆ ಹೋಗಿ ಎರಡು ದಿನ ಇದ್ದು ಬಂದೆ, ಮೂರು ವಾರ ಮಾತ್ರೆ ನುಂಗಿದೆ.

42ನೇ ದಿನ ಸಿಸ್ಟರ್ ಬಿಪಿ ನೋಡಿ 118/76 ಎಂದು ತಾಯಿ ಕಾರ್ಡಿನಲ್ಲಿ ಬರೆದರು. ಅಜ್ಜಿಗೆ ಓದಲು ಬಾರದು. ಕಾರ್ಡ್ ಇಸಿದುಕೊಂಡು ಆ ಅಂಕಿಯ ಮೇಲೆ ಬೆರಳಿಟ್ಟು, ‘ಇದು ಸರಿಯಾಗೈತಾ?’ ಅಂತ ಎರಡು ಸಲ ಕೇಳಿದರು.